ಮೊದಲ ಐನೂರು ಅಡಿ: ಒಂದು ಸಮೀಕ್ಷೆ

ಸಣ್ಣ ವಿಮಾನವೊಂದು ಟೇಕಾಫ್ ಆದೊಡನೆ ಬಿದ್ದರೆ ಸಂಜೆಯ ಟಿವಿ ಚರ್ಚೆಗೆ ಎರಡೇ ಉತ್ತರ ಗೊತ್ತು: ಎಂಜಿನ್ ಕೈಕೊಟ್ಟಿತು, ಇಲ್ಲವೇ ಪೈಲಟ್ ಎಡವಿದ. ಈಚೆಗೆ ಮೂರನೆಯದೂ ಸೇರಿದೆ: ರನ್‌ವೇಗೆ ವಾಪಸ್ ತಿರುಗಬಹುದಿತ್ತು ಎಂಬ ವಿಡಿಯೊ ಪಾಂಡಿತ್ಯ. ನೂರು ವರ್ಷ ದಾಟಿದ ವಿಮಾನ ಅಪಘಾತಗಳ ಅಧ್ಯಯನ ಇದಕ್ಕಿಂತ ಹೆಚ್ಚಿನದನ್ನು ಹೇಳುತ್ತ ಬಂದಿದೆ, ಕೇಳುವವರಿದ್ದರೆ.

ಮೊದಲ ಘಟ್ಟ ಮುರಿದ ಭಾಗಗಳದ್ದು. 1908ರಲ್ಲಿ ಆರ್ವಿಲ್ ರೈಟ್ ಹಾರಿಸುತ್ತಿದ್ದ ವಿಮಾನದ ಪ್ರೊಪೆಲರ್ ಮುರಿದು ಜೊತೆಗಿದ್ದ ಪ್ರಯಾಣಿಕ ಥಾಮಸ್ ಸೆಲ್‌ಫ್ರಿಜ್ ಸತ್ತಾಗ ತನಿಖೆ ಎಂದರೆ ಚೂರುಗಳನ್ನು ಆರಿಸಿ ನೋಡುವುದು. 1915ರಲ್ಲಿ ಬ್ರಿಟನ್ ಈ ಕೆಲಸಕ್ಕೆಂದೇ ಒಬ್ಬ ಅಧಿಕಾರಿಯನ್ನು ನೇಮಿಸಿತು. 1951ರಲ್ಲಿ ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಒಪ್ಪಂದದ 13ನೇ ಅನುಬಂಧ ಬಂತು. ತಪ್ಪು ಹೊರಿಸುವುದಲ್ಲ, ಮುಂದಿನ ಅಪಘಾತ ತಡೆಯುವುದೇ ತನಿಖೆಯ ಗುರಿ ಎಂಬುದು ಇಂದು ಅದರ ತಿರುಳು.

ನಿಜವಾದ ತಿರುವು ತನಿಖಾಧಿಕಾರಿಗಳಿಂದ ಬರಲಿಲ್ಲ, ಬೋಧಕರಿಂದ ಬಂತು. 1944ರ ‘ಸ್ಟಿಕ್ ಅಂಡ್ ರಡ್ಡರ್’ ಪುಸ್ತಕದಲ್ಲಿ ವೊಲ್ಫ್‌ಗಾಂಗ್ ಲಾಂಗ್‌ವೀಶ, ವಿಮಾನ ಬೀಳುವುದು ಎಂಜಿನ್ ನಿಂತಿದ್ದಕ್ಕಲ್ಲ, ರೆಕ್ಕೆ ಗಾಳಿಗೆ ಒಡ್ಡಿಕೊಂಡ ಕೋನ ಮಿತಿ ಮೀರಿದ್ದಕ್ಕೆ ಎಂದು ಸಾಮಾನ್ಯ ಪೈಲಟ್‌ಗೆ ಅರ್ಥವಾಗುವಂತೆ ಬಿಡಿಸಿಟ್ಟ.

ಪುಷ್ಪಕ್, ಸೆಸ್ನಾ 152ಗಳಲ್ಲಿ ಹಾರಲು ಕಲಿತ ನಮ್ಮ ಪೀಳಿಗೆ ಬೆಳೆದದ್ದು ಈ ನೆರಳಿನಲ್ಲೇ. ನಮಗಿದ್ದ ಪಾಠ ಒಂದೇ: ಎಂಜಿನ್ ನಿಂತರೆ ಮುಂದಕ್ಕೇ ಇಳಿ. ಅದರ ಹಿಂದಿನ ಕಾರಣ ಸರಳ. ಏರುವಾಗ ಮೂತಿ ಮೇಲಿರುತ್ತದೆ. ಶಕ್ತಿ ಹೋದ ಕ್ಷಣವೇ ವೇಗ ಕರಗುತ್ತದೆ. ಕಂಟ್ರೋಲನ್ನು ತಕ್ಷಣ ಮುಂದಕ್ಕೆ ಒತ್ತಬೇಕು. ಆದರೆ ಕಣ್ಣೆದುರು ನೆಲ ತುಂಬಿಕೊಳ್ಳುತ್ತಿದ್ದರೆ ಕೈ ಹಿಂದಕ್ಕೆ ಎಳೆಯುತ್ತದೆ. ಸೆಸ್ನಾ 152ರಲ್ಲಿ ಸುಮಾರು 60 ನಾಟ್ ವೇಗ ಉಳಿಸಿಕೊಂಡವನ ಹತೋಟಿಯಲ್ಲಿ ವಿಮಾನ ಇನ್ನೂ ಇರುತ್ತದೆ. ಉಳಿಸಿಕೊಳ್ಳದವನ ರೆಕ್ಕೆ ಆ ಕೋನದ ಮಿತಿ ಮೀರಿ, ಅಂದರೆ ಸ್ಟಾಲ್ ಆಗಿ, ಒಂದು ಬದಿಗೆ ಮಗುಚುತ್ತದೆ, ಸರಿಪಡಿಸಲು ಎತ್ತರವಿರುವುದಿಲ್ಲ.

‘ಮುಂದಕ್ಕೇ ಇಳಿ’ ಎಂಬ ಪಾಠಕ್ಕೆ ಸವಾಲು ಹಾಕಿದ್ದು ಅಮೆರಿಕದ ನೌಕಾ ಅಕಾಡೆಮಿಯ ಡೇವಿಡ್ ರೋಜರ್ಸ್. 45 ಡಿಗ್ರಿ ವಾಲಿಕೊಂಡು, ಸ್ಟಾಲ್ ಅಂಚಿನ ವೇಗದಲ್ಲಿ ತಿರುಗಿದರೆ ಎತ್ತರದ ನಷ್ಟ ಅತಿ ಕಡಿಮೆ ಎಂದು 1995ರಲ್ಲಿ ಲೆಕ್ಕ ಕಟ್ಟಿದರು. ಗಣಿತ ಸರಿ. ಆದರೆ ಆ ವಾಲಿಕೆಯಲ್ಲಿ ಸ್ಟಾಲ್ ವೇಗವೇ ಶೇ. 19ರಷ್ಟು ಏರುತ್ತದೆ, ರನ್‌ವೇಯ ಗೆರೆಗೆ ಕೂಡಲು 180 ಡಿಗ್ರಿಯೂ ಸಾಲದು. 2018ರಲ್ಲಿ ಅಮೆರಿಕದ ವಿಮಾನಯಾನ ಆಡಳಿತ, ಯಾವಾಗ, ಹೇಗೆ ತಿರುಗಬೇಕೆಂದು ಬೋಧಕರು ಕಲಿಸಲಿ ಎಂದಿತು. ವಿಡಿಯೊ ಪಂಡಿತರು ‘ಹೇಗೆ’ಯನ್ನು ಹಿಡಿದುಕೊಂಡು ‘ಯಾವಾಗ’ವನ್ನು ಬಿಟ್ಟರು.

ನನ್ನ ಒಲವು ಮೂರನೆಯ ಪಂಥದ ಕಡೆಗೆ: ನಿರ್ಧಾರ ನೆಲದ ಮೇಲೇ ಆಗಬೇಕೆನ್ನುವವರು. 1996ರಲ್ಲಿ ವ್ಯೋಮಿಂಗ್‌ನ ಶಯೆನ್‌ನಲ್ಲಿ ವಿಮಾನ ಹಾರಿಸಲು ಕಲಿಯುತ್ತಿದ್ದ ಏಳು ವರ್ಷದ ಜೆಸ್ಸಿಕಾ ಡುಬ್ರಾಫ್ ಇದ್ದ ಸೆಸ್ನಾ ಬಿದ್ದಾಗ ಪತ್ರಿಕೆಗಳು ಬರೆದದ್ದೆಲ್ಲ ಮಗುವಿನ ವಯಸ್ಸಿನ ಬಗ್ಗೆ. ತನಿಖಾ ವರದಿ ಹೇಳಿದ್ದು ಅತಿಭಾರ, ಕೆಟ್ಟ ಹವೆ, ಎತ್ತರದ ತೆಳುಗಾಳಿ. 2001ರಲ್ಲಿ ಬಹಾಮಾಸ್‌ನಲ್ಲಿ ಗಾಯಕಿ ಆಲಿಯಾ ಸತ್ತ ಸೆಸ್ನಾ 402 ಕೂಡ ಮಿತಿಮೀರಿ ಹೊತ್ತದ್ದೇ. ಇವನ್ನೆಲ್ಲ ಎಂಜಿನ್ ಚಾಲೂ ಮಾಡುವ ಮೊದಲೇ ಕಾಗದದ ಮೇಲೆ ಕಾಣಬಹುದಿತ್ತು.

ಈ ಲೆಕ್ಕ ನಮಗೆ ದೂರದ್ದಲ್ಲ. ಬೆಂಗಳೂರಿನ ಜಕ್ಕೂರು ರನ್‌ವೇ ಸಮುದ್ರಮಟ್ಟದಿಂದ ಸುಮಾರು 3000 ಅಡಿ ಮೇಲಿದೆ. ಏಪ್ರಿಲ್ ಮಧ್ಯಾಹ್ನ 34 ಡಿಗ್ರಿ ಬಿಸಿಲಿದ್ದರೆ ರೆಕ್ಕೆಗೂ ಎಂಜಿನ್ನಿಗೂ ಅದು ಸುಮಾರು 6000 ಅಡಿಯ ಗಾಳಿ. ಓಟ ಉದ್ದವಾಗುತ್ತದೆ, ಏರಿಕೆ ಸೊರಗುತ್ತದೆ. 2004ರ ಏಪ್ರಿಲ್ 17ರಂದು ನಟಿ ಸೌಂದರ್ಯ ಸೇರಿ ನಾಲ್ವರಿದ್ದ ಸೆಸ್ನಾ 180 ಅಲ್ಲಿಂದ ಎದ್ದು ಪಕ್ಕದ ಕೃಷಿ ವಿಶ್ವವಿದ್ಯಾಲಯದ ಆವರಣದಲ್ಲಿ ಬಿತ್ತು, ಯಾರೂ ಉಳಿಯಲಿಲ್ಲ. ಅದಕ್ಕೆ ಬಿಸಿಲೇ ಕಾರಣವೆಂದು ನಾನು ಹೇಳುತ್ತಿಲ್ಲ. ಕನ್ನಡದಲ್ಲಿ ಆ ದಿನದ ಬಗ್ಗೆ ನಾನು ಕಂಡ ಬರಹವೆಲ್ಲ ನಟಿಯ ನೆನಪು, ವಿಮಾನದ ಮಾತಿಲ್ಲ.

ಭಾರತದ ಪ್ರತ್ಯೇಕ ತನಿಖಾ ಬ್ಯೂರೊ ಹುಟ್ಟಿದ್ದು 2012ರಲ್ಲಿ. ಅದರ ವರದಿಗಳು ಒಂದೊಂದಾಗಿ ಬರುತ್ತವೆ, ಇಂಗ್ಲಿಷಿನಲ್ಲಿ ಬರುತ್ತವೆ. ಒಟ್ಟಿಗಿಟ್ಟು ಓದಿ, ದಖನ್ನಿನ ಬಿಸಿಲು, ಎತ್ತರ, ಭಾರಕ್ಕೆ ಹೊಂದಿಸಿದ ಪಾಠಗಳು ತರಗತಿಗೆ ತಲುಪಬೇಕು. ‘ಮುಂದಕ್ಕೇ ಇಳಿ’ ಎಂದು ಕಲಿಸಿದಾಗ ಮುಂದೆ ಹೊಲವಿತ್ತು, ಈಗ ಅಪಾರ್ಟ್‌ಮೆಂಟುಗಳಿವೆ. ಎಚ್‌ಎಎಲ್ ಪುಷ್ಪಕ್ ಕಟ್ಟಿದ, ಎನ್‌ಎಎಲ್ ಹಂಸ ಕಟ್ಟಿದ ಊರಿಗೆ ಈ ಕೆಲಸ ಮೀರಿದ್ದೇನಲ್ಲ. ಯಾರಾದರೂ ಇದನ್ನು ತಮ್ಮ ಕೆಲಸವೆಂದುಕೊಳ್ಳಬೇಕು, ಅಷ್ಟೆ.