ಬೆಂಗಳೂರು ಪೇಟೆಯ ನಡುಚೌಕ

ಒಂದು ಪುರದ ಚರಿತ್ರೆಯನ್ನು ಅರಿಯಬೇಕೆಂಬವರು ಸಾಮಾನ್ಯವಾಗಿ ಅದರ ಕೋಟೆಯನ್ನೂ ಅರಮನೆಯನ್ನೂ ದೇವಾಲಯದ ಶಾಸನಗಳನ್ನೂ ಪರಿಶೀಲಿಸುವರು. ಇವೆಲ್ಲವೂ ನೋಡತಕ್ಕವುಗಳೇ ಸರಿ. ಆದರೆ ಆ ಪುರದ ಜನರು ಒಬ್ಬರೊಡನೊಬ್ಬರು ಹೇಗೆ ಬಾಳಿದರೆಂಬುದನ್ನು ತಿಳಿಯಬೇಕಾದರೆ ಬೀದಿಗಳು ಕೂಡುವ ನಡುಚೌಕವನ್ನೇ ನೋಡಬೇಕು. ಕಾಡುಗೋಡಿಯ ಸೀಮೆಯ ಭಕ್ತರಿಗೆ ಪರಿಚಿತವಾದ ಬೆಂಗಳೂರು ಪೇಟೆಯ ಚೌಕವನ್ನು ಕುರಿತು ಕೆಲವು ಸಂಗತಿಗಳನ್ನು ಇಲ್ಲಿ ನಿವೇದಿಸಲಾಗುವುದು.

ಯಲಹಂಕದ ನಾಡಪ್ರಭುವಾದ ಕೆಂಪೇಗೌಡನು ೧೫೩೭ರಲ್ಲಿ ಈ ಪುರವನ್ನು ಕಟ್ಟಲು ಉದ್ಯುಕ್ತನಾದಾಗ, ಗೊತ್ತಾದ ಒಂದು ಸ್ಥಳದಲ್ಲಿ ನಾಲ್ಕು ಜೊತೆ ಎತ್ತುಗಳಿಗೆ ನೇಗಿಲು ಹೂಡಿಸಿ, ನಾಲ್ಕು ದಿಕ್ಕುಗಳಿಗೂ ಉಳಿಸಿದನೆಂದು ಪರಂಪರೆಯು ಹೇಳುತ್ತದೆ. ಆ ನೇಗಿಲಗೆರೆಗಳೇ ಮುಂದೆ ರಾಜಬೀದಿಗಳಾದುವು. ತೆಂಕಣಬಡಗಣವಾಗಿ ಹರಿದುದು ದೊಡ್ಡಪೇಟೆ. ಮೂಡಣಪಡುವಣವಾಗಿ ಹರಿದುದು ಚಿಕ್ಕಪೇಟೆ. ಬಡಗಲಿಗೆ ಯಲಹಂಕದ ಬಾಗಿಲು, ತೆಂಕಲಿಗೆ ಆನೇಕಲ್ಲಿನ ಬಾಗಿಲು, ಪಡುವಲಿಗೆ ಸೊಂಡೆಕೊಪ್ಪದ ಬಾಗಿಲು, ಮೂಡಲಿಗೆ ಹಲಸೂರಿನ ಬಾಗಿಲು. ಕಾಡುಗೋಡಿಯು ಮೂಡಣ ದಿಕ್ಕಿನಲ್ಲಿರುವುದರಿಂದ ಈ ಕಡೆಯವರಿಗೆ ಹಲಸೂರು ಬಾಗಿಲೇ ಸಮೀಪದ ದ್ವಾರ. ಎರಡು ಬೀದಿಗಳು ಒಂದನ್ನೊಂದು ಕತ್ತರಿಸುವ ಸ್ಥಳವೇ ನಮ್ಮ ಪ್ರಸ್ತಾವದ ಚೌಕವು. ಇದು ವಿಸ್ತಾರವಾದ ಬಯಲೂ ಅಲ್ಲ, ಉದ್ಯಾನವೂ ಅಲ್ಲ. ನಾಲ್ಕು ದಾರಿಗಳು ಸೇರಿದ ಇಕ್ಕಟ್ಟಾದ ಒಂದು ಕೂಡುನೆಲ, ಅಷ್ಟೆ. ಆದರೂ ಪುರವು ಹುಟ್ಟಿದುದು ಇಲ್ಲಿಯೇ.

ಈ ಕೂಡುನೆಲಕ್ಕೆ ಅಷ್ಟು ಮಹತ್ತ್ವವು ಬಂದುದೇಕೆಂಬುದು ಸುತ್ತಣ ಬೀದಿಗಳ ಹೆಸರುಗಳಿಂದಲೇ ವಿದಿತವಾಗುತ್ತದೆ. ಅಕ್ಕಿಪೇಟೆ, ರಾಗಿಪೇಟೆ, ಅರಳೆಪೇಟೆ, ಬಳೇಪೇಟೆ, ತರಗುಪೇಟೆ ಎಂದು ಸರಕಿನ ಹೆಸರುಗಳು ಕೆಲವು. ಕುಂಬಾರಪೇಟೆ, ಗಾಣಿಗರಪೇಟೆ, ಉಪ್ಪಾರಪೇಟೆ, ತಿಗಳರಪೇಟೆ, ನಗರ್ತರಪೇಟೆ ಎಂದು ಜನರ ಹೆಸರುಗಳು ಕೆಲವು. ಒಂದೊಂದು ಕಾಯಕಕ್ಕೆ ಒಂದೊಂದು ಬೀದಿ. ಕುಂಬಾರ ಗುಂಡಯ್ಯನನ್ನೂ ಗಾಣದ ಕಣ್ಣಪ್ಪನನ್ನೂ ನಿತ್ಯವೂ ಸ್ಮರಿಸುವ ನಮಗೆ ಈ ಹೆಸರುಗಳು ಅನ್ಯವಲ್ಲ. ಆದರೆ ಕಲ್ಯಾಣದ ಶರಣರು ಕಾಯಕದಿಂದ ಭಿನ್ನರಾಗಿದ್ದೂ ಅನುಭವಮಂಟಪದಲ್ಲಿ ಒಂದಾಗಿ ಕುಳಿತರು. ಪೇಟೆಯಲ್ಲಾದರೋ ಅಂತಹ ಮಂಟಪವಿರಲಿಲ್ಲ. ಬೀದಿಬೀದಿಗೆ ಬೇರೆಯಾಗಿ ವಾಸಿಸುತ್ತಿದ್ದ ಜನರನ್ನು ಕೂಡಿಸಿದುದು ಕೊಡುಕೊಳ್ಳುವಿಕೆಯೊಂದೇ. ಗಾಣಿಗನಿಗೆ ಮಡಕೆ ಬೇಕು, ಕುಂಬಾರನಿಗೆ ಎಣ್ಣೆ ಬೇಕು. ಇಬ್ಬರೂ ಚೌಕವನ್ನು ಹಾಯ್ದೇ ಹೋಗಬೇಕು.

ಹಾಗೆಂದು ಆ ಬೀದಿಗಳಲ್ಲಿ ಸದಾ ಸೌಹಾರ್ದವಿದ್ದಿತೆಂದು ಬರೆಯುವುದು ಸತ್ಯಕ್ಕೆ ದೂರವಾದೀತು. ೧೮೦೦ರಲ್ಲಿ ಮೈಸೂರು ಸೀಮೆಯನ್ನು ಸಂಚರಿಸಿದ ಫ್ರಾನ್ಸಿಸ್ ಬುಕನನ್ ಎಂಬ ಸ್ಕಾಟ್ಲೆಂಡಿನ ವೈದ್ಯನು ಇಲ್ಲಿಯ ವಾಣಿಜ್ಯವನ್ನು ವಿಸ್ತಾರವಾಗಿ ವರ್ಣಿಸಿರುವುದಲ್ಲದೆ, ಬಲಗೈ ಎಡಗೈ ಎಂಬ ಪಂಗಡಗಳನ್ನೂ ಕುರಿತು ಬರೆದಿದ್ದಾನೆ. ಬಲಗೈಯವರಿಗೆ ಲಿಂಗಧಾರಿಗಳಾದ ಪಂಚಮ ಬಣಜಿಗರು ಮುಖಂಡರು, ಎಡಗೈಯವರಿಗೆ ನಗರ್ತರು. ಯಾರ ಮೆರವಣಿಗೆಯು ಯಾವ ಬೀದಿಯಲ್ಲಿ ಹೋಗಬೇಕೆಂಬುದೇ ಈ ಪಂಗಡಗಳ ಕಲಹಕ್ಕೆ ಮುಖ್ಯ ಕಾರಣವಾಗುತ್ತಿದ್ದಿತು. ನಗರ್ತರಲ್ಲಿಯೂ ಶಿವಾಚಾರದವರು ಉಂಟೆಂಬುದನ್ನು ನೆನೆದರೆ, ಒಬ್ಬನೇ ಶಿವನನ್ನು ಪೂಜಿಸುವವರು ಒಂದು ಬೀದಿಗಾಗಿ ಎದುರುಬದುರಾಗಿ ನಿಂತರಲ್ಲಾ ಎಂದು ಖೇದವಾಗುತ್ತದೆ. ಇದನ್ನು ಮರೆಮಾಡುವುದರಿಂದ ಪ್ರಯೋಜನವಿಲ್ಲ. ತಿಳಿದು ತಿದ್ದಿಕೊಳ್ಳುವುದೇ ಚರಿತ್ರೆಯ ಫಲ.

ಇನ್ನು ರಾಜ್ಯಗಳ ಏರಿಳಿತವನ್ನು ಸಂಕ್ಷೇಪವಾಗಿ ಹೇಳುವುದಾದರೆ, ೧೬೩೮ರಲ್ಲಿ ಪುರವು ಬಿಜಾಪುರದವರ ವಶವಾಗಿ ಷಹಾಜಿಗೆ ಜಹಗೀರಾಯಿತು. ೧೬೮೭ರಲ್ಲಿ ಮೊಗಲರ ಕೈಸೇರಿ, ಅನಂತರ ೩ ಲಕ್ಷ ರೂಪಾಯಿಗಳಿಗೆ ಚಿಕ್ಕದೇವರಾಜ ಒಡೆಯರಿಗೆ ಸಂದಿತು. ಹೈದರಾಲಿ ಟಿಪ್ಪುಗಳ ಕಾಲವು ಕಳೆಯುತ್ತ ಬಂದಾಗ, ೧೭೯೧ರ ಮಾರ್ಚಿ ೭ರಂದು ಲಾರ್ಡ್ ಕಾರ್ನ್‌ವಾಲೀಸನ ಸೈನ್ಯವು ಹಲಸೂರು ಬಾಗಿಲನ್ನು ಒಡೆದು ಪೇಟೆಗೆ ನುಗ್ಗಿತು. ಕರ್ನಲ್ ಮೂರ್‌ಹೌಸನು ಆ ಬಾಗಿಲಲ್ಲಿಯೇ ಮಡಿದನು. ಅದೇ ತಿಂಗಳ ೨೧ರ ರಾತ್ರಿ ಕೋಟೆಯೂ ಬಿದ್ದಿತು. ಇಷ್ಟಾದರೂ ಒಂಬತ್ತು ವರ್ಷಗಳ ತರುವಾಯ ಬುಕನನ್ ಬಂದಾಗ ಪೇಟೆಯಲ್ಲಿ ವ್ಯಾಪಾರವು ಮತ್ತೆ ನಡೆಯುತ್ತಿದ್ದಿತು. ದೊರೆಗಳು ಬದಲಾದರೂ ತಕ್ಕಡಿಯು ನಿಲ್ಲಲಿಲ್ಲ.

೧೮೦೯ರಲ್ಲಿ ಹಲಸೂರಿನ ಬಳಿ ದಂಡು ನೆಲೆಗೊಂಡಿತು. ೧೮೬೪ರಲ್ಲಿ ಜೋಲಾರಪೇಟೆಯಿಂದ ದಂಡಿನವರೆಗೆ ಹೊಗೆಬಂಡಿಯು ಬಂದಿತು. ೧೮೯೮ರಲ್ಲಿ ಪ್ಲೇಗು ವ್ಯಾಧಿಯು ಇಕ್ಕಟ್ಟಾದ ಪೇಟೆಯನ್ನು ಹೊಕ್ಕು ಬಹುಜನರನ್ನು ಬಲಿತೆಗೆದುಕೊಂಡುದರಿಂದ, ಬಸವನಗುಡಿ ಮಲ್ಲೇಶ್ವರಗಳೆಂಬ ವಿಶಾಲವಾದ ಬಡಾವಣೆಗಳು ಏರ್ಪಟ್ಟು, ಅನುಕೂಲಸ್ಥರು ಅತ್ತ ತೆರಳಿದರು. ಮನೆಗಳು ಹೋದುವು, ಅಂಗಡಿಗಳು ಉಳಿದುವು. ಈ ಪೇಟೆಯ ಸಂಪಾದನೆಯು ಸತ್ಪಾತ್ರಕ್ಕೆ ಸಂದುದಕ್ಕೆ ಗುಬ್ಬಿ ತೋಟದಪ್ಪನವರೇ ನಿದರ್ಶನ. ಮಾಮೂಲುಪೇಟೆಯಲ್ಲಿ ವ್ಯಾಪಾರಮಾಡಿದ ಆ ಪುಣ್ಯಾತ್ಮರು ರೈಲು ನಿಲ್ದಾಣದ ಬಳಿ ಕಟ್ಟಿಸಿದ ಛತ್ರವು ೧೯೦೩ರಲ್ಲಿ ಆರಂಭವಾಗಿ, ಪರಸ್ಥಳದ ಯಾತ್ರಿಕರಿಗೂ ವಿದ್ಯಾರ್ಥಿಗಳಿಗೂ ಆಶ್ರಯವಾಯಿತು. ಚೌಕದಲ್ಲಿ ದುಡಿದುದು ದಾಸೋಹವಾದ ಬಗೆಯಿದು.

ಚೈತ್ರ ಪೌರ್ಣಮಿಯ ರಾತ್ರಿ ತಿಗಳರಪೇಟೆಯ ಧರ್ಮರಾಯಸ್ವಾಮಿಯ ಗುಡಿಯಿಂದ ಹೊರಡುವ ಕರಗವು ಪೇಟೆಯ ಬೀದಿಗಳನ್ನೆಲ್ಲ ಸುತ್ತಿ, ಅರಳೆಪೇಟೆಯಲ್ಲಿ ತವಕ್ಕಲ್ ಮಸ್ತಾನರ ದರ್ಗಾಕ್ಕೂ ಭೇಟಿಯಿತ್ತು ಬರುವುದು. ಬೀದಿಗಾಗಿ ಕಾದಾಡಿದ ಪೇಟೆಯಲ್ಲಿಯೇ ಎಲ್ಲ ಬೀದಿಗಳಿಗೂ ಸಲ್ಲುವ ಮೆರವಣಿಗೆಯೊಂದು ಬೆಳೆದುದು ಸಾಮಾನ್ಯವಾದ ಮಾತಲ್ಲ. ದೊಡ್ಡಪೇಟೆಯ ಬಡಗಣ ತುದಿಯಲ್ಲಿ, ೧೯೪೨ರ ಆಗಸ್ಟಿನಲ್ಲಿ ಸ್ವಾತಂತ್ರ್ಯಕ್ಕಾಗಿ ನೆರೆದ ಜನರ ಮೇಲೆ ಗುಂಡು ಹಾರಿ ಪ್ರಾಣಗಳು ಹೋದುವು. ಅಲ್ಲಿ ಹುತಾತ್ಮರ ಸ್ಮಾರಕವಿದೆ. ೧೯೧೩ರಲ್ಲಿ ಸ್ಥಾಪಿತವಾದ ಮೈಸೂರು ಬ್ಯಾಂಕು ೨೦೧೭ರಲ್ಲಿ ಬೇರೊಂದು ಬ್ಯಾಂಕಿನಲ್ಲಿ ಲೀನವಾದರೂ ಜನರು ಆ ಸ್ಥಳವನ್ನು ಮೈಸೂರು ಬ್ಯಾಂಕ್ ವೃತ್ತವೆಂದೇ ಕರೆಯುವರು.

ಇದಕ್ಕೆ ಹೋಲಿಸಿ ನೋಡಲು ಕಾಡುಗೋಡಿಯ ಸಮೀಪದಲ್ಲಿಯೇ ಇನ್ನೊಂದು ನಿದರ್ಶನವಿದೆ. ೧೮೮೨ರಲ್ಲಿ ಚಾಮರಾಜೇಂದ್ರ ಒಡೆಯರವರು ಯುರೇಷಿಯನ್ ಮತ್ತು ಆಂಗ್ಲೋ-ಇಂಡಿಯನ್ ಸಂಘಕ್ಕೆ ೩೯೦೦ ಎಕರೆ ಭೂಮಿಯನ್ನು ದಯಪಾಲಿಸಿದರು. ಸಂಘದ ಪ್ರಮುಖರಾದ ವೈಟ್ ಎಂಬವರ ಹೆಸರಿನಿಂದ ಅಲ್ಲಿ ವೈಟ್‌ಫೀಲ್ಡ್ ಎಂಬ ಊರು ಹುಟ್ಟಿತು. ನಡುವೆ ಬಯಲನ್ನು ಬಿಟ್ಟು, ಸುತ್ತಲೂ ದುಂಡಗೆ ಮನೆಗಳನ್ನಿಟ್ಟು ರಚಿಸಿದ ಆ ಒಳವೃತ್ತವು ಬಹು ಅಂದವಾದುದು. ಆದರೆ ಅದು ಒಂದೇ ಸಮುದಾಯದ ಬೇಸಾಯದ ನೆಲೆಗಾಗಿ ಅಳೆದಿಟ್ಟ ವೃತ್ತ. ಪೇಟೆಯ ಚೌಕವೋ ಇಕ್ಕಟ್ಟು, ಧೂಳು, ಗದ್ದಲ. ಆದರೂ ನಾಲ್ಕು ಬಾಗಿಲುಗಳಿಂದ ಬಂದವರೆಲ್ಲರ ಕಾಲ್ತುಳಿತದಿಂದ ಆದುದು. ಚೌಕಕ್ಕೆ ಜೀವವನ್ನು ಕೊಡುವುದು ಅಳತೆಯ ಅಂದವಲ್ಲ, ಬಂದುಹೋಗುವವರ ಹಕ್ಕು.

ಹಿಂದೆ ಎತ್ತಿನ ಗಾಡಿಯಲ್ಲಿ ಸಾಗುತ್ತಿದ್ದ ದಾರಿಯನ್ನು ಇಂದು ಸುಲಭವಾಗಿ ಕ್ರಮಿಸಬಹುದು. ೨೦೨೩ರಲ್ಲಿ ಮೆಟ್ರೋ ಗಾಡಿಯು ಕಾಡುಗೋಡಿಯವರೆಗೂ ಬಂದಿತು. ಇಲ್ಲಿ ಹತ್ತಿದವರು ಕೆಂಪೇಗೌಡ ನಿಲ್ದಾಣದಲ್ಲಿ ಗಾಡಿಯನ್ನು ಬದಲಿಸಿ ಚಿಕ್ಕಪೇಟೆಯಲ್ಲಿ ಇಳಿಯುವರು. ಮಹಾನಗರವೇ ಈಗ ನಮ್ಮ ಹೊಲಗದ್ದೆಗಳವರೆಗೆ ಬಂದಿರುವುದರಿಂದ, ನಾನಾ ದೇಶಗಳ, ನಾನಾ ಭಾಷೆಗಳ ಜನರು ನಮ್ಮ ಬೀದಿಗಳಲ್ಲಿ ನಡೆಯುತ್ತಿದ್ದಾರೆ. ಬೀದಿಯು ನಮ್ಮದು, ನಿಮ್ಮದಲ್ಲವೆಂದು ಬಲಗೈ ಎಡಗೈಯವರಂತೆ ಹೂಡುವ ವಾದವೂ, ಗೋಡೆಯನ್ನು ಕಟ್ಟಿ ನಮ್ಮಷ್ಟಕ್ಕೆ ನಾವಿರುವ ವೃತ್ತವೂ ನಮಗೆ ತಕ್ಕವಲ್ಲ. ಶರಣರ ಮಾರ್ಗದಲ್ಲಿ ನಡೆಯುವ ಭಕ್ತರು ತಮ್ಮ ಊರಿನ ಕೂಡುನೆಲವನ್ನು ಯಾರೊಬ್ಬರ ಸ್ವತ್ತೂ ಆಗಗೊಡದೆ, ಬಂದವರೆಲ್ಲರಿಗೂ ನಿಲ್ಲಲು ಎಡೆಯಿರುವಂತೆ ಕಾಪಾಡಿಕೊಂಡು ಬರಲಿ. ನೇಗಿಲು ನಾಲ್ಕು ದಿಕ್ಕಿಗೆ ಹೊರಟ ಆ ಚೌಕದ ಚರಿತ್ರೆಯಿಂದ ನಾವು ಗ್ರಹಿಸತಕ್ಕ ನೀತಿಯು ಇದೇ.