ಕೇಳಿದ್ದಕ್ಕೆ ಉತ್ತರ

ಮೊನ್ನೆ ಹಳೆಯ ಮಿಂಚಂಚೆಗಳನ್ನು ಅಳಿಸುತ್ತಾ ಕೂತಿದ್ದೆ. 2015ರ ಏಪ್ರಿಲ್‌ನಲ್ಲಿ ಟ್ರಾಯ್‌ಗೆ, ಅಂದರೆ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರಕ್ಕೆ, ಕಳಿಸಿದ್ದ ಪತ್ರವೊಂದು ಸಿಕ್ಕಿತು. ಓದಿ ನಗು ಬಂತು. ಅದರಲ್ಲಿ ನನ್ನದು ಅಂತ ಇದ್ದದ್ದು ಕೊನೆಯ ಹೆಸರು ಮಾತ್ರ!

ನಿಮಗೂ ನೆನಪಿರಬಹುದು. ಆ ವರ್ಷ ಮಾರ್ಚ್ 27ರಂದು ಟ್ರಾಯ್ 118 ಪುಟಗಳ ಸಮಾಲೋಚನಾ ಪತ್ರ ಹೊರಡಿಸಿ 20 ಪ್ರಶ್ನೆ ಕೇಳಿತ್ತು. ವಾಟ್ಸಾಪ್, ಸ್ಕೈಪ್‌ನಂಥ ಸೇವೆಗಳಿಗೆ ನಿಯಂತ್ರಣ ಬೇಕೇ, ಮೊಬೈಲ್ ಕಂಪನಿಗಳು ತಾಣಕ್ಕೊಂದು ದರ ಹಾಕಬಹುದೇ ಎಂಬಂಥವು. ಅಷ್ಟುದ್ದದ ಇಂಗ್ಲಿಷ್ ಕಡತ ಓದುವವರು ಯಾರು? ಕೆಲವು ಕಾರ್ಯಕರ್ತರು ಪ್ರಶ್ನೆಗಳಿಗೆ ಉತ್ತರ ಬರೆದು 'ಸೇವ್ ದಿ ಇಂಟರ್‌ನೆಟ್' ತಾಣದಲ್ಲಿಟ್ಟರು. ಹತ್ತು ಲಕ್ಷಕ್ಕೂ ಹೆಚ್ಚು ಮಿಂಚಂಚೆಗಳು ಹೋದವು. ನನ್ನದೂ ಅದರಲ್ಲೊಂದು.

ಡಿಸೆಂಬರ್ 9ರಂದು ಬರೀ ದರದ ತಾರತಮ್ಯದ ಬಗ್ಗೆ ಇನ್ನೊಂದು ಪತ್ರ ಬಂತು. ಈ ಸಲ ನಾಲ್ಕೇ ಪ್ರಶ್ನೆ. ಫೇಸ್‌ಬುಕ್ ಆಗ 'ಫ್ರೀ ಬೇಸಿಕ್ಸ್' ತಂದಿತ್ತು: ಅದರೊಳಗೆ ಸೇರಿದ ತಾಣಗಳು ಪುಕ್ಕಟೆ, ಉಳಿದವಕ್ಕೆ ದುಡ್ಡು. ಅದರ ಪರವಾಗಿ ಬಳಕೆದಾರರ ಹೆಸರಲ್ಲಿ ಲಕ್ಷಗಟ್ಟಲೆ ಸಿದ್ಧ ಪತ್ರಗಳು ಹೋದವು. ಆದರೆ ಟ್ರಾಯ್ ಒಪ್ಪಲಿಲ್ಲ. ಇವು ಫ್ರೀ ಬೇಸಿಕ್ಸ್ ಬೇಕು ಅನ್ನುತ್ತವೆಯೇ ಹೊರತು ನಾವು ಕೇಳಿದ ನಾಲ್ಕು ಪ್ರಶ್ನೆಗೆ ಉತ್ತರ ಕೊಡುವುದಿಲ್ಲ ಎಂದಿತು.

ಆಗ ನನಗೆ ಚುರುಕು ಮುಟ್ಟಿತು. ನನ್ನ ಈ ಪುಟ್ಟ ಕನ್ನಡ ಪುಟವನ್ನು ಪುಕ್ಕಟೆ ಪಟ್ಟಿಗೆ ಯಾರು ಸೇರಿಸುತ್ತಾರೆ? ದುಡ್ಡು ಕೊಟ್ಟು ಇಲ್ಲಿಗೆ ಬರುವವರು ಎಷ್ಟು ಮಂದಿ? ಇದನ್ನೇ ಮೊದಲ ಪ್ರಶ್ನೆಗೆ ಉತ್ತರವಾಗಿ ಒಂದು ಪುಟದಲ್ಲಿ ಬರೆದು ಕಳಿಸಿದೆ.

2016ರ ಫೆಬ್ರುವರಿ 8ರಂದು ಟ್ರಾಯ್ ನಿಯಮ ತಂದಿತು. ತಾಣ ನೋಡಿ ದರ ಬೇರೆ ಮಾಡುವ ಹಾಗಿಲ್ಲ. ಮಾಡಿದರೆ ದಿನಕ್ಕೆ 50 ಸಾವಿರ, ಗರಿಷ್ಠ 50 ಲಕ್ಷ ರೂಪಾಯಿ ದಂಡ. ನನ್ನ ಪತ್ರದಿಂದಲೇ ಹೀಗಾಯಿತು ಅನ್ನುವಷ್ಟು ಹುಚ್ಚು ನನಗಿಲ್ಲ ಬಿಡಿ. ಆದರೆ ನಿಯಮದ ಜೊತೆಗಿದ್ದ ವಿವರಣೆ ಓದಿದರೆ, ಅಲ್ಲಿ ಪರ-ವಿರೋಧದ ವಾದಗಳನ್ನು ಒಂದೊಂದಾಗಿ ತೂಗಿದ್ದಾರೆ. ಲಕ್ಷದ ಲೆಕ್ಕ ಗಮನ ಸೆಳೆಯಬಹುದು, ಆದೇಶದೊಳಗೆ ಹೋಗುವುದು ಕಾರಣ ಮಾತ್ರ.

ಇಂಥ ಸಮಾಲೋಚನಾ ಪತ್ರಗಳು ಈಗಲೂ ಬರುತ್ತಲೇ ಇವೆ. ಪೂರ್ತಿ ಓದಲಾಗದಿದ್ದರೂ ಪ್ರಶ್ನೆಗಳನ್ನಾದರೂ ಓದೋಣ. ಪ್ರಶ್ನೆಯ ಸಂಖ್ಯೆ ಹಾಕಿ, ನಮ್ಮ ಅನುಭವದ ಒಂದು ಉದಾಹರಣೆ ಕೊಟ್ಟು, ನಾಲ್ಕೇ ಸಾಲು ಬರೆದರೂ ಸಾಕು. ಹೆಸರಿನ ಮೇಲಿರುವ ಆ ನಾಲ್ಕು ಸಾಲು ನಮ್ಮದೇ ಆಗಿರಲಿ.

ಏನಂತೀರಿ?