ಎರಡಾಣೆಯ ಬಂಡವಾಳ: ಸಿಂಡಿಕೇಟ್ ಬ್ಯಾಂಕಿನ ಬೆಳವಣಿಗೆಯಲ್ಲಿ ಪಿಗ್ಮಿ ಠೇವಣಿ

1. ಪೀಠಿಕೆ

ಉಡುಪಿಯೂ ಸೇರಿದ್ದ ಹಳೆಯ ದಕ್ಷಿಣ ಕನ್ನಡ ಜಿಲ್ಲೆಯನ್ನು ಬ್ಯಾಂಕುಗಳ ತವರು ಎಂದು ಕರೆಯುವುದು ವಾಡಿಕೆ. ಇಪ್ಪತ್ತನೆಯ ಶತಮಾನದ ಮೊದಲ ನಾಲ್ಕು ದಶಕಗಳಲ್ಲಿ ಮಂಗಳೂರು, ಉಡುಪಿಗಳ ಆಸುಪಾಸಿನಲ್ಲಿ ಹುಟ್ಟಿದ ಐದು ಬ್ಯಾಂಕುಗಳು ಮುಂದೆ ದೇಶದ ಉದ್ದಗಲಕ್ಕೆ ಹರಡಿದವು. 1906ರ ಮಾರ್ಚಿನಲ್ಲಿ ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರ ನೇತೃತ್ವದಲ್ಲಿ ಕೆನರಾ ಬ್ಯಾಂಕಿಂಗ್ ಕಾರ್ಪೊರೇಷನ್ ಆರಂಭವಾಯಿತು. ಅದೇ ವರ್ಷದ ಜುಲೈಯಲ್ಲಿ ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಯವರು ಕೆನರಾ ಹಿಂದೂ ಪರ್ಮನೆಂಟ್ ಫಂಡನ್ನು ಸ್ಥಾಪಿಸಿದರು. ಮೊದಲನೆಯದು ಕಾರ್ಪೊರೇಷನ್ ಬ್ಯಾಂಕ್ ಎಂದೂ ಎರಡನೆಯದು ಕೆನರಾ ಬ್ಯಾಂಕ್ ಎಂದೂ ಹೆಸರಾದವು. 1924ರಲ್ಲಿ ಕರ್ಣಾಟಕ ಬ್ಯಾಂಕ್, 1925ರಲ್ಲಿ ಸಿಂಡಿಕೇಟ್, 1931ರಲ್ಲಿ ವಿಜಯಾ ಬ್ಯಾಂಕ್ ಬಂದವು.

ಈ ಬೆಳವಣಿಗೆಗೆ ಸಾಮಾನ್ಯವಾಗಿ ಮೂರು ಕಾರಣ ಹೇಳಲಾಗುತ್ತದೆ: ಸ್ವದೇಶಿ ಚಳವಳಿಯ ಪ್ರೇರಣೆ, ಕರಾವಳಿಯವರ ಮಿತವ್ಯಯ ಮತ್ತು ಸಮುದಾಯಗಳೊಳಗಿನ ಪರಸ್ಪರ ನಂಬಿಕೆ. ಮೂರರಲ್ಲೂ ಹುರುಳಿದೆ. ಆದರೆ ಅವು ಬ್ಯಾಂಕುಗಳ ಹುಟ್ಟನ್ನು ವಿವರಿಸುತ್ತವೆಯೇ ಹೊರತು ಬೆಳವಣಿಗೆಯನ್ನಲ್ಲ. ಮುಸ್ಲಿಂ ವರ್ತಕರು, ಗೌಡ ಸಾರಸ್ವತರು, ಬ್ರಾಹ್ಮಣರು, ಬಂಟರು, ಕ್ಯಾಥೊಲಿಕ್ ಕ್ರೈಸ್ತರು, ಹೀಗೆ ಹಲವು ಸಮುದಾಯಗಳ ಮುಂದಾಳುಗಳು ಇದೇ ಜಿಲ್ಲೆಯಲ್ಲಿ ಬ್ಯಾಂಕು ಕಟ್ಟಿದರು. ಸಣ್ಣ ಬ್ಯಾಂಕುಗಳು ಹತ್ತಾರು ಹುಟ್ಟಿ, ಹೆಚ್ಚಿನವು ದೊಡ್ಡವುಗಳಲ್ಲಿ ಸೇರಿಹೋದವು. ನಂಬಿಕೆ ಎಲ್ಲರಿಗೂ ಇದ್ದ ಆಸ್ತಿಯಾದರೆ, ಉಳಿದವಕ್ಕೂ ಅಳಿದವಕ್ಕೂ ಇರುವ ವ್ಯತ್ಯಾಸದ ಕಾರಣವನ್ನು ಬೇರೆಡೆ ಹುಡುಕಬೇಕು. ಸಿಂಡಿಕೇಟ್ ಬ್ಯಾಂಕಿನ ಮಟ್ಟಿಗೆ ಆ ಕಾರಣ ಹಣ ಸಂಗ್ರಹಿಸುವ ವಿಧಾನದಲ್ಲಿದೆ, ಆ ವಿಧಾನದ ವೆಚ್ಚವನ್ನು ಯಾರು ಹೊತ್ತರು ಎಂಬುದರಲ್ಲಿದೆ ಎಂಬುದು ಈ ಲೇಖನದ ವಾದ.

2. ಎಂಟು ಸಾವಿರ ರೂಪಾಯಿಯ ಸಂಸ್ಥೆ

ಉದ್ಯಮಿ ಉಪೇಂದ್ರ ಅನಂತ ಪೈ, ಎಂಜಿನಿಯರ್ ವಾಮನ ಕುಡ್ವ, ವೈದ್ಯ ಡಾ. ಟಿ.ಎಂ.ಎ. ಪೈ ಈ ಮೂವರು 1925ರಲ್ಲಿ ಉಡುಪಿಯಲ್ಲಿ ಕೆನರಾ ಇಂಡಸ್ಟ್ರಿಯಲ್ ಅಂಡ್ ಬ್ಯಾಂಕಿಂಗ್ ಸಿಂಡಿಕೇಟ್ ಎಂಬ ಕಂಪನಿಯನ್ನು ಆರಂಭಿಸಿದರು. ಮೂಲ ಬಂಡವಾಳ 8,000 ರೂಪಾಯಿ. ಕೈಮಗ್ಗದ ಉದ್ಯೋಗ ಕುಸಿದು ಕಂಗೆಟ್ಟಿದ್ದ ಸ್ಥಳೀಯ ನೇಕಾರರಿಗೆ ನೆರವಾಗುವುದು ಅವರ ಮೊದಲ ಗುರಿ. ಹೆಸರಿನಲ್ಲಿ ಬ್ಯಾಂಕಿಗಿಂತ ಮೊದಲು ಕೈಗಾರಿಕೆ ಬಂದಿರುವುದು ಆಕಸ್ಮಿಕವಲ್ಲ. ಇದು ಉಳಿತಾಯಗಾರರಿಗಿಂತ ಮೊದಲು ಸಾಲ ಬೇಕಾದವರನ್ನು ಕಣ್ಣ ಮುಂದಿಟ್ಟುಕೊಂಡು ಹುಟ್ಟಿದ ಸಂಸ್ಥೆ.

ಅದರ ತೊಡಕೂ ಅಲ್ಲಿಯೇ ಇತ್ತು. ನೇಕಾರನಿಗೆ ನೂಲು ಕೊಳ್ಳಲು ಸಾಲ ಕೊಡಬೇಕಾದರೆ ಹಣ ಬೇಕು. ಹಂಚಿನ ಕಾರ್ಖಾನೆ, ಕಾಫಿ ಮತ್ತು ಅಡಕೆ ವ್ಯಾಪಾರಗಳಿಂದ ಮಂಗಳೂರಿನಲ್ಲಿ ಹಣ ಓಡಾಡುತ್ತಿದ್ದರೂ ಆ ದೊಡ್ಡ ಠೇವಣಿಗಳಿಗೆ ಹಳೆಯ ಬ್ಯಾಂಕುಗಳಿದ್ದವು. ಉಡುಪಿಯ ಹೊಸ ಸಂಸ್ಥೆಗೆ ಉಳಿದದ್ದು ಯಾವ ಬ್ಯಾಂಕೂ ಲೆಕ್ಕಕ್ಕೆ ಹಿಡಿಯದ ಹಣ: ಗೂಡಂಗಡಿಯ ಗಲ್ಲಾಪೆಟ್ಟಿಗೆ, ಮೀನು ಮಾರುವವಳ ಸೆರಗಿನ ಗಂಟು, ದಿನಗೂಲಿಯ ಸಂಜೆಯ ಬಟವಾಡೆ. ಇಂಥ ಹಣ ತಾನಾಗಿ ಬ್ಯಾಂಕಿಗೆ ನಡೆದು ಬರುವುದಿಲ್ಲ. ಎರಡಾಣೆ ಕಟ್ಟಲು ಅರ್ಧ ದಿನದ ಕೆಲಸ ಬಿಡುವುದು ಯಾರಿಗೂ ಗಿಟ್ಟದು.

3. ಪಿಗ್ಮಿಯ ಲೆಕ್ಕಾಚಾರ

1928ರಲ್ಲಿ ಬ್ಯಾಂಕು ತನ್ನ ಮೊದಲ ಶಾಖೆಯನ್ನು ಬ್ರಹ್ಮಾವರದಲ್ಲಿ ತೆರೆಯಿತು. ಅದೇ ವರ್ಷ ಪಿಗ್ಮಿ ಠೇವಣಿ ಯೋಜನೆ ಜಾರಿಗೆ ಬಂತು. ದಿನಕ್ಕೆ ಕನಿಷ್ಠ ಎರಡಾಣೆ. ಅದನ್ನು ಪಡೆಯಲು ಬ್ಯಾಂಕಿನ ಪರವಾಗಿ ಒಬ್ಬ ಸಂಗ್ರಾಹಕ ಮನೆಬಾಗಿಲಿಗೆ, ಅಂಗಡಿ ಕಟ್ಟೆಗೆ ಬರುತ್ತಿದ್ದ. ಕಾರ್ಡಿನಲ್ಲಿ ಬರೆದು ರುಜು ಹಾಕಿ ಮುಂದಿನ ಮನೆಗೆ ಹೋಗುತ್ತಿದ್ದ. ಅವನಿಗೆ ಸಂಬಳವಿಲ್ಲ, ಸಂಗ್ರಹಿಸಿದ ಹಣದ ಮೇಲೆ ಕಮಿಷನ್.

ಎರಡಾಣೆ ಎಂದರೆ ಎಷ್ಟು? ರೂಪಾಯಿಗೆ ಹದಿನಾರು ಆಣೆಯಂತೆ ತಿಂಗಳಿಗೆ 3 ರೂಪಾಯಿ 12 ಆಣೆ, ವರ್ಷಕ್ಕೆ 45 ರೂಪಾಯಿ 10 ಆಣೆ. ಈ ಲೆಕ್ಕದಲ್ಲಿ ಕೇವಲ 176 ಜನ ಒಂದು ವರ್ಷ ತಪ್ಪದೆ ಪಿಗ್ಮಿ ಕಟ್ಟಿದರೆ ಬ್ಯಾಂಕಿನ ಮೂಲ ಬಂಡವಾಳವಾದ 8,000 ರೂಪಾಯಿಗೂ ಮಿಗಿಲಾದ ಹಣ ಒಟ್ಟಾಗುತ್ತದೆ. ಒಂದು ಪೇಟೆಬೀದಿ ಮತ್ತು ಅದರ ಹಿಂದಿನ ಕೇರಿ ಸೇರಿದರೆ ಅಷ್ಟು ಜನ ಸಿಗುತ್ತಾರೆ. ಪಾಲುದಾರರ ಬಂಡವಾಳದಷ್ಟೇ ತೂಕದ ಇನ್ನೊಂದು ಬಂಡವಾಳವನ್ನು ಒಬ್ಬ ಸಂಗ್ರಾಹಕನ ದಿನದ ಸುತ್ತಾಟ ಹುಟ್ಟಿಸಬಲ್ಲದಾಗಿತ್ತು.

ದಿನವೂ ಒಂದಿಷ್ಟು ತೆಗೆದಿಡುವ ಅಭ್ಯಾಸವನ್ನು ಪಿಗ್ಮಿ ಹೊಸದಾಗಿ ಕಲಿಸಲಿಲ್ಲ. ಅಡುಗೆಗೆ ಅಳೆದ ಅಕ್ಕಿಯಲ್ಲಿ ಒಂದು ಮುಷ್ಟಿ ತೆಗೆದಿಡುವ ಪದ್ಧತಿ ಮನೆಗಳಲ್ಲಿತ್ತು. ಚೀಟಿ ಕಟ್ಟುವುದು ಗೊತ್ತಿತ್ತು. ಹೊಸದಾದದ್ದು ಮೂರು ಅಂಶಗಳು. ಮೊದಲನೆಯದು ವೆಚ್ಚದ ಸ್ವರೂಪ. ಹಳ್ಳಿಯಲ್ಲಿ ಶಾಖೆ ತೆರೆದರೆ ಠೇವಣಿ ಬಂದರೂ ಬಾರದಿದ್ದರೂ ಗುಮಾಸ್ತರ ಸಂಬಳ ಕೊಡಲೇಬೇಕು. ಸಂಗ್ರಾಹಕನ ಕಮಿಷನ್ ಮಾತ್ರ ಹಣ ಬಂದ ಮೇಲೆ ಬರುವ ಖರ್ಚು. ಆದ್ದರಿಂದ ಕಡಿಮೆ ಸಿಬ್ಬಂದಿಯ ಸಣ್ಣ ಶಾಖೆಯೂ ಉಸಿರು ಹಿಡಿದು ನಿಲ್ಲಬಲ್ಲದಾಯಿತು. ಎರಡನೆಯದು ಹಣದ ಸ್ಥಿರತೆ. ಒಬ್ಬ ದೊಡ್ಡ ವರ್ತಕ ಠೇವಣಿ ಹಿಂದಕ್ಕೆ ಪಡೆದರೆ ಸಣ್ಣ ಬ್ಯಾಂಕು ನಡುಗುತ್ತದೆ. ಅವಧಿಗೆ ಕಟ್ಟುಬಿದ್ದ ಸಾವಿರ ಪುಟ್ಟ ಖಾತೆಗಳು ಸಾಮಾನ್ಯ ದಿನಗಳಲ್ಲಿ ಒಟ್ಟಿಗೆ ಖಾಲಿಯಾಗುವುದಿಲ್ಲ. 1938ರಲ್ಲಿ ಟ್ರಾವಂಕೂರ್ ನ್ಯಾಷನಲ್ ಅಂಡ್ ಕ್ವಿಲಾನ್ ಬ್ಯಾಂಕ್ ಮುಳುಗಿ ದಕ್ಷಿಣ ಭಾರತದ ಠೇವಣಿದಾರರೆಲ್ಲ ಬೆದರಿದ ಕಾಲದಲ್ಲಿ ಇಂಥ ಸ್ಥಿರತೆಗೆ ಬೆಲೆಯಿತ್ತು.

ಮೂರನೆಯದು, ಎಲ್ಲಕ್ಕಿಂತ ಮುಖ್ಯವಾದದ್ದು, ತಿಳಿವಳಿಕೆ. ಯಾರ ವ್ಯಾಪಾರ ಕುದುರಿದೆ, ಯಾರ ಮನೆಯಲ್ಲಿ ಕಾಯಿಲೆ, ಯಾರು ಮಳೆಗಾಲದಲ್ಲೂ ತಪ್ಪದೆ ಕಟ್ಟುತ್ತಾರೆ ಎಂಬುದು ಸಂಗ್ರಾಹಕನಿಗೆ ದಿನವೂ ತಿಳಿಯುತ್ತಿತ್ತು. ಜಮೀನಿನ ಪತ್ರವಿಲ್ಲದ, ಲೆಕ್ಕಪುಸ್ತಕವಿಲ್ಲದ ಸಣ್ಣ ವ್ಯಾಪಾರಿಗೆ ಪಿಗ್ಮಿ ಕಾರ್ಡೇ ಯೋಗ್ಯತಾಪತ್ರವಾಯಿತು. ಕಟ್ಟಿದ ಹಣದ ಆಧಾರದ ಮೇಲೆ ಸಾಲ ಸಿಕ್ಕಿತು. ಬ್ಯಾಂಕಿನ ಮೆಟ್ಟಿಲು ಹತ್ತುವ ರೂಢಿಯಿಲ್ಲದ ಹೆಂಗಸರು ತಮ್ಮ ಹೆಸರಿನಲ್ಲೇ ಖಾತೆ ನಡೆಸಲು ಮನೆಬಾಗಿಲ ಸಂಗ್ರಹ ದಾರಿಮಾಡಿತು.

4. ಉಡುಪಿಯಿಂದಾಚೆಗೆ

1937ರಲ್ಲಿ ಬ್ಯಾಂಕು ಮುಂಬಯಿಯ ಕ್ಲಿಯರಿಂಗ್ ಹೌಸಿನ ಸದಸ್ಯತ್ವ ಪಡೆಯಿತು. ಹೋಟೆಲು, ಅಂಗಡಿ, ಕಚೇರಿಗಳಲ್ಲಿ ದುಡಿಯಲು ಕರಾವಳಿಯ ಜನ ಆ ಶಹರಕ್ಕೆ ಹೋಗುತ್ತಿದ್ದ ಕಾಲದಲ್ಲಿ ಊರಿಗೂ ಮುಂಬಯಿಗೂ ನಡುವೆ ಹಣ ಸಾಗುವ ದಾರಿ ಸುಗಮವಾಗುವುದು ದೊಡ್ಡ ಅನುಕೂಲ. 1946ರಲ್ಲಿ ಒಂದೇ ದಿನ 29 ಗ್ರಾಮೀಣ ಶಾಖೆಗಳು ತೆರೆದವು. ಈ ಘಟನೆಯನ್ನು ಬ್ಯಾಂಕಿನ ಸಾಹಸವೆಂದು ಕೊಂಡಾಡುವುದುಂಟು. ಹೊಸ ಶಾಖೆಗೆ ರಿಸರ್ವ್ ಬ್ಯಾಂಕಿನ ಅನುಮತಿ ಕಡ್ಡಾಯಗೊಳಿಸುವ ಕಾನೂನು ಬಂದದ್ದೂ 1946ರಲ್ಲೇ ಎಂಬುದನ್ನು ಜೊತೆಗಿಟ್ಟು ನೋಡಿದರೆ, ಆ ಸಾಹಸದಲ್ಲಿ ವ್ಯವಹಾರಜ್ಞಾನದ ಪಾಲೂ ಇದ್ದಿರಬಹುದು ಎನಿಸುತ್ತದೆ. ಅಷ್ಟೊಂದು ಶಾಖೆಗಳನ್ನು ಒಮ್ಮೆಗೇ ಹಳ್ಳಿಗಳಲ್ಲಿ ತೆರೆಯುವ ಧೈರ್ಯಕ್ಕೆ ಮೇಲೆ ಹೇಳಿದ ವೆಚ್ಚದ ಲೆಕ್ಕ ಬೆನ್ನೆಲುಬಾಗಿತ್ತು.

1964ರಲ್ಲಿ ಸಂಸ್ಥೆ ಸಿಂಡಿಕೇಟ್ ಬ್ಯಾಂಕ್ ಎಂಬ ಚುಟುಕು ಹೆಸರು ತಳೆದು ಪ್ರಧಾನ ಕಚೇರಿಯನ್ನು ಮಣಿಪಾಲಕ್ಕೆ ಸಾಗಿಸಿತು. ರಾಜಧಾನಿಗೆ ಹೋಗದೆ, ಹನ್ನೊಂದು ವರ್ಷ ಹಿಂದಷ್ಟೇ ವೈದ್ಯಕೀಯ ಕಾಲೇಜು ಕಂಡಿದ್ದ ಗುಡ್ಡದ ಮೇಲೆ ನೆಲೆಸಿದ ಬ್ಯಾಂಕು 1969ರ ಜುಲೈ 19ರಂದು ರಾಷ್ಟ್ರೀಕರಣಗೊಂಡ ಹದಿನಾಲ್ಕರಲ್ಲಿ ಒಂದಾಯಿತು. ರಾಷ್ಟ್ರೀಕರಣಕ್ಕೆ ಹಾಕಿದ ಗೆರೆ 50 ಕೋಟಿ ರೂಪಾಯಿ ಠೇವಣಿ. ಆ ಗೆರೆಯನ್ನು ಮುಟ್ಟುವಲ್ಲಿ ಚಿಲ್ಲರೆ ಹಣದ ಪಾತ್ರ ಸಣ್ಣದಲ್ಲ. ಮುಂದೆ 1975ರ ಅಕ್ಟೋಬರ್ 2ರಂದು ಉತ್ತರ ಪ್ರದೇಶದ ಮೊರಾದಾಬಾದಿನಲ್ಲಿ ಆರಂಭವಾದ ದೇಶದ ಮೊದಲ ಪ್ರಾದೇಶಿಕ ಗ್ರಾಮೀಣ ಬ್ಯಾಂಕು ಪ್ರಥಮಾ ಬ್ಯಾಂಕಿಗೆ ಪ್ರಾಯೋಜಕತ್ವ ವಹಿಸಿದ್ದು ಸಿಂಡಿಕೇಟ್. 1982ರಲ್ಲಿ ಉಜಿರೆಯಲ್ಲಿ ಧರ್ಮಸ್ಥಳದ ಟ್ರಸ್ಟ್ ಮತ್ತು ಕೆನರಾ ಬ್ಯಾಂಕಿನೊಡನೆ ಕೂಡಿ ರುಡ್‌ಸೆಟ್ ಸ್ಥಾಪಿಸಿದ್ದರಲ್ಲೂ ಅದರ ಪಾಲಿದೆ. ಗ್ರಾಮೀಣ ಯುವಜನರಿಗೆ ಸ್ವಉದ್ಯೋಗ ತರಬೇತಿ ಕೊಡುವ ಆ ಮಾದರಿಯನ್ನು ಕೇಂದ್ರ ಸರ್ಕಾರ ಆಮೇಲೆ ದೇಶದ ಜಿಲ್ಲೆಗಳಿಗೆಲ್ಲ ವಿಸ್ತರಿಸಲು ಹೊರಟಿತು.

5. ಹೊರೆ ಹೊತ್ತವರು

ಸಂಬಳದ ಬದಲು ಕಮಿಷನ್ ಎಂಬುದು ಬ್ಯಾಂಕಿಗೆ ಉಳಿತಾಯವಾದರೆ ಸಂಗ್ರಾಹಕನಿಗೆ ಅನಿಶ್ಚಿತತೆ. ಮಳೆಗಾಲದಲ್ಲಿ ವ್ಯಾಪಾರ ಬಿದ್ದರೆ ಅವನ ಆದಾಯವೂ ಬೀಳುತ್ತಿತ್ತು. ಹಣ ಕಳೆದರೆ ಹೊಣೆ ಅವನದೇ. ಸಂಸ್ಥೆಯ ಮುಖವಾಗಿ ಊರಿಗೆಲ್ಲ ಪರಿಚಿತನಾದರೂ ಅದರ ಹಾಜರಿ ಪುಸ್ತಕದಲ್ಲಿ ಅವನ ಹೆಸರಿರಲಿಲ್ಲ.

ಸಂಗ್ರಾಹಕರು ಬ್ಯಾಂಕಿನ ಕಾರ್ಮಿಕರೇ ಅಲ್ಲವೇ ಎಂಬ ಪ್ರಶ್ನೆ ಹೈದರಾಬಾದಿನ ಕೈಗಾರಿಕಾ ನ್ಯಾಯಮಂಡಳಿಯ ಮುಂದೆ ಬಂದು 1988ರ ಡಿಸೆಂಬರಿನಲ್ಲಿ ತೀರ್ಪಾಯಿತು. ಕೊನೆಗೆ 2001ರಲ್ಲಿ ಸುಪ್ರೀಂ ಕೋರ್ಟು ಇಂಡಿಯನ್ ಬ್ಯಾಂಕ್ಸ್ ಅಸೋಸಿಯೇಷನ್ ಮತ್ತು ಸಿಂಡಿಕೇಟ್ ಬ್ಯಾಂಕಿನ ಕಾರ್ಮಿಕರ ನಡುವಿನ ಮೊಕದ್ದಮೆಯಲ್ಲಿ ಠೇವಣಿ ಸಂಗ್ರಾಹಕರು ಕಾನೂನಿನ ಅರ್ಥದಲ್ಲಿ ಕಾರ್ಮಿಕರೇ, ಅವರ ಕಮಿಷನ್ ದುಡಿಮೆಗೆ ತಕ್ಕಂತೆ ಕೊಡುವ ವೇತನವೇ ಎಂದು ಹೇಳಿತು. ಆದರೆ ಅವರನ್ನು ಕಾಯಂ ನೌಕರರಿಗೆ ಸಮನಾಗಿ ಕಾಣಲು ಬರುವುದಿಲ್ಲ ಎಂದೂ ಹೇಳಿತು. ಅರ್ಧ ಒಳಗೆ, ಅರ್ಧ ಹೊರಗೆ ಎಂಬ ಈ ಸ್ಥಿತಿ 1928ರ ಯೋಜನೆಯ ರಚನೆಯಲ್ಲೇ ಅಡಗಿತ್ತು. ಸಮುದಾಯದ ನಂಬಿಕೆ ಎಂದು ನಾವು ಕರೆಯುವುದರ ದೊಡ್ಡ ಪಾಲು ಇವರ ದಿನನಿತ್ಯದ ದುಡಿಮೆಯ ಫಲ.

ಇನ್ನೊಂದು ಅಸಮತೆಯೂ ಉಂಟು. ಸಂಗ್ರಹಿಸುವ ಜಾಲ ಕೇರಿಕೇರಿಗೆ ಮುಟ್ಟಿದಷ್ಟು ಆಳಕ್ಕೆ ಸಾಲ ನೀಡುವ ಜಾಲ ಇಳಿಯಲಿಲ್ಲ. ಬ್ಯಾಂಕುಗಳ ತವರೆನಿಸಿದ ಉಡುಪಿ ಜಿಲ್ಲೆಯಲ್ಲೇ ಠೇವಣಿಗೆ ಹೋಲಿಸಿದರೆ ಸಾಲದ ಪ್ರಮಾಣ ಕಡಿಮೆ ಎಂಬ ದೂರು ಬ್ಯಾಂಕರುಗಳ ಸಭೆಗಳಲ್ಲಿ ಮತ್ತೆ ಮತ್ತೆ ಕೇಳಿಬಂದಿದೆ. ಉದ್ದಿಮೆದಾರರ ಬೇಡಿಕೆ ಕಡಿಮೆ, ಹೊರನಾಡಿನಿಂದ ಬರುವ ಹಣ ಹೆಚ್ಚು ಎಂಬುದು ಅದಕ್ಕೆ ಭಾಗಶಃ ಕಾರಣ. ಆದರೂ ನೇಕಾರರಿಗೆ ಸಾಲ ಕೊಡಲೆಂದು ಹುಟ್ಟಿದ ಸಂಸ್ಥೆ ಉಳಿತಾಯ ಸಂಗ್ರಹಿಸುವುದರಲ್ಲೇ ಹೆಸರಾದುದು ಗಮನಿಸಬೇಕಾದ ತಿರುವು.

6. ಉಪಸಂಹಾರ

2020ರ ಏಪ್ರಿಲ್ 1ರಂದು ಸಿಂಡಿಕೇಟ್ ಬ್ಯಾಂಕು ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. ಅದೇ ದಿನ ಕಾರ್ಪೊರೇಷನ್ ಬ್ಯಾಂಕು ಯೂನಿಯನ್ ಬ್ಯಾಂಕಿಗೆ ಸೇರಿತು. ವಿಜಯಾ ಬ್ಯಾಂಕು ಒಂದು ವರ್ಷ ಮೊದಲೇ ಬ್ಯಾಂಕ್ ಆಫ್ ಬರೋಡಾದಲ್ಲಿ ಸೇರಿಹೋಗಿತ್ತು. ವಿಧಾನ ಮಾತ್ರ ಸಂಸ್ಥೆಯನ್ನು ಮೀರಿ ಉಳಿದಿದೆ. ಇಂದು ಕರ್ನಾಟಕದ ಪತ್ತಿನ ಸಹಕಾರ ಸಂಘಗಳು, ಸೌಹಾರ್ದ ಸಹಕಾರಿಗಳು ಪಿಗ್ಮಿ ಸಂಗ್ರಾಹಕರನ್ನೇ ನೆಚ್ಚಿ ನಡೆಯುತ್ತಿವೆ. ಕಾರ್ಡಿನ ಜಾಗಕ್ಕೆ ಕೈಯಂತ್ರ ಬಂದಿದೆ, ಕಮಿಷನ್ ಹಾಗೆಯೇ ಇದೆ.

ಪ್ರಾದೇಶಿಕ ಬ್ಯಾಂಕುಗಳ ಚರಿತ್ರೆಯನ್ನು ನಾವು ಬಹುಮಟ್ಟಿಗೆ ಸ್ಥಾಪಕರ ಜೀವನಚರಿತ್ರೆಗಳಿಂದ, ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗಳಿಂದ ಬರೆದುಕೊಂಡಿದ್ದೇವೆ. ಆ ಆಕರಗಳು ದೂರದೃಷ್ಟಿಯನ್ನು ತೋರಿಸುತ್ತವೆ, ದುಡಿಮೆಯನ್ನು ಮರೆಸುತ್ತವೆ. ಪಿಗ್ಮಿ ಕಾರ್ಡುಗಳು, ಕಮಿಷನ್ ಪಟ್ಟಿಗಳು, ನ್ಯಾಯಮಂಡಳಿಯ ಕಡತಗಳು ಮತ್ತು ನಿವೃತ್ತ ಸಂಗ್ರಾಹಕರ ಮಾತುಗಳನ್ನು ಆಕರವಾಗಿ ಹಿಡಿದರೆ, ಒಂದು ಜಿಲ್ಲೆಯ ಚಿಲ್ಲರೆ ಹಣ ಹೇಗೆ ರಾಷ್ಟ್ರದ ಬಂಡವಾಳವಾಯಿತು, ಅದರಲ್ಲಿ ಎಷ್ಟು ಪಾಲು ಮರಳಿ ಆ ಕೇರಿಗಳಿಗೆ ಬಂತು ಎಂಬ ಎರಡು ಪ್ರಶ್ನೆಗಳನ್ನೂ ಒಟ್ಟಿಗೆ ಕೇಳಲು ಸಾಧ್ಯ. ಎರಡನೆಯ ಪ್ರಶ್ನೆಯನ್ನು ಬಿಟ್ಟು ಬರೆದ ಬ್ಯಾಂಕ್ ಚರಿತ್ರೆ ಜಮಾ ಪುಟವಷ್ಟನ್ನೇ ಬರೆದು ಮುಗಿಸಿದ ಲೆಕ್ಕ.